ಕೀಲಿ ನಂಬರ್ 107

2013ರಲ್ಲಿ ಬಂದ ‘ಎಸ್ಕೇಪ್ ಪ್ಲಾನ್’ ಸಿನಿಮಾದಲ್ಲಿ ಸಿಲ್ವೆಸ್ಟರ್ ಸ್ಟಲೋನ್‌ದು ಒಂದು ವಿಚಿತ್ರ ಉದ್ಯೋಗ. ಕೈದಿಯಾಗಿ ಜೈಲು ಸೇರೋದು, ಅಲ್ಲಿಂದ ತಪ್ಪಿಸಿಕೊಂಡು ಬರೋದು, ಆಮೇಲೆ ನಿಮ್ಮ ಜೈಲಿನಲ್ಲಿ ಎಲ್ಲೆಲ್ಲಿ ತೂತಿದೆ ನೋಡಿ ಅಂತ ಜೈಲಿನವರಿಗೇ ರಿಪೋರ್ಟ್ ಕೊಡೋದು. ಐಟಿಯಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪೆನೆಟ್ರೇಷನ್ ಟೆಸ್ಟಿಂಗ್, ಅಷ್ಟೇ. ಫೈರ್‌ವಾಲ್ ಇರೋ ಜಾಗದಲ್ಲಿ ಕಾಂಕ್ರೀಟ್ ಗೋಡೆ.

ಈ ನಾಯಕನ ಪ್ರಕಾರ ಯಾವ ಜೈಲಿನಿಂದ ಹೊರಬರೋಕೂ ಮೂರು ಸಂಗತಿ ಸಾಕು. ಕಟ್ಟಡದ ವಿನ್ಯಾಸ ಗೊತ್ತಿರಬೇಕು. ಅಲ್ಲಿನ ದಿನಚರಿ ಗೊತ್ತಿರಬೇಕು. ಒಳಗಿಂದಲೋ ಹೊರಗಿಂದಲೋ ಒಬ್ಬರ ಸಹಾಯ ಇರಬೇಕು. ಉಳಿದಿದ್ದನ್ನ ನೀವೇ ಊಹಿಸಬಹುದು. ಪಾರ್ಟ್‌ನರ್ ಕೈಕೊಡ್ತಾನೆ. ನಾಯಕ ಹೆಸರೇ ಇಲ್ಲದ ಗುಪ್ತ ಜೈಲಲ್ಲಿ ಕಣ್ಣು ಬಿಡ್ತಾನೆ. ಅಲ್ಲೊಬ್ಬ ತಣ್ಣಗಿನ ದನಿಯ ಕ್ರೂರಿ ವಾರ್ಡನ್ (ಅಮೆರಿಕದಲ್ಲಿ ವಾರ್ಡನ್ ಅಂದ್ರೆ ಇಡೀ ಜೈಲಿನ ಮುಖ್ಯಸ್ಥ, ನಮ್ಮ ಸೂಪರಿಂಟೆಂಡೆಂಟ್ ಇದ್ದ ಹಾಗೆ). ಊಟದ ಹಾಲಲ್ಲಿ ಒಂದು ಹೊಡೆದಾಟ, ಕತ್ತಲ ಕೋಣೆಯ ಶಿಕ್ಷೆ, ಶ್ವಾರ್ಜ್‌ನೆಗರ್ ರೂಪದಲ್ಲಿ ಒಬ್ಬ ಗೆಳೆಯ, ಕೊನೆಗೆ ಹೆಲಿಕಾಪ್ಟರ್ ಮತ್ತು ಮೆಷಿನ್‌ಗನ್.

ಬೈಯೋದಕ್ಕೆ ಇದನ್ನೆಲ್ಲ ಹೇಳ್ತಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಾಲು ಚಾಚಿ ನೋಡೋದಕ್ಕೆ ಇದಕ್ಕಿಂತ ಒಳ್ಳೇ ಜಾತಿಯ ಸಿನಿಮಾ ಇಲ್ಲ. ಆದರೆ ಆ ಮೂರು ಸೂತ್ರ ಇದೆಯಲ್ಲ, ಅದು ಯಾವುದೋ ಸ್ಕ್ರಿಪ್ಟ್ ರೈಟರ್ ತಲೆಯಿಂದ ಮೊದಲ ಬಾರಿಗೆ ಉದುರಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒಂದೇ ದ್ವೀಪದಲ್ಲಿ, 16 ವರ್ಷಗಳ ಅಂತರದಲ್ಲಿ, ಎರಡು ಗುಂಪುಗಳು ಅದನ್ನ ಜೀವ ಪಣಕ್ಕಿಟ್ಟು ಪ್ರಯೋಗ ಮಾಡಿ ನೋಡಿದವು. ಒಂದು ಗುಂಪು ಬಂದೂಕು ಹಿಡಿಯಿತು, ಇನ್ನೊಂದು ಚಮಚ ಹಿಡಿಯಿತು. ಹಾಲಿವುಡ್ ಆಮೇಲೆ ಎರಡಕ್ಕೂ ಮದುವೆ ಮಾಡಿಸಿತು. ಚಮಚದವರ ತಾಳ್ಮೆ, ಬಂದೂಕಿನವರ ಸದ್ದು. ಆ ಮದುವೆಯಲ್ಲಿ ಯಾರನ್ನೆಲ್ಲ ಮನೆಯಿಂದ ಆಚೆ ಹಾಕಿದರು ಅನ್ನೋದೇ ಈ ಲೇಖನ.

ದ್ವೀಪದ ಹೆಸರು ಅಲ್ಕಟ್ರಾಜ್. ಸ್ಪ್ಯಾನಿಷ್‌ನಲ್ಲಿ ಅದು ಒಂದು ಕಡಲಹಕ್ಕಿಯ ಹೆಸರು. ದಡದಿಂದ ಸುಮಾರು 2 ಕಿಲೋಮೀಟರ್, ಇಡೀ ದ್ವೀಪ ಸುಮಾರು 22 ಎಕರೆ. 1850ರ ದಶಕದಲ್ಲಿ ಕೋಟೆ ಕಟ್ಟಿದರು, ಆಮೇಲೆ ಅದೇ ಮಿಲಿಟರಿ ಜೈಲಾಯ್ತು. ನಾವು ಸಿನಿಮಾಗಳಲ್ಲಿ ನೋಡೋ ದೊಡ್ಡ ಕಾಂಕ್ರೀಟ್ ಕಟ್ಟಡ 1912ರಲ್ಲಿ ಮುಗಿದದ್ದು, ಅದನ್ನ ಕಟ್ಟಿದ್ದು ಕೈದಿಗಳೇ. 1934ರ ಆಗಸ್ಟ್‌ನಲ್ಲಿ ಅದು ಫೆಡರಲ್ ಸರ್ಕಾರದ ಜೈಲಾಗಿ ಬಾಗಿಲು ತೆರೆಯಿತು. ಬೇರೆ ಜೈಲುಗಳಲ್ಲಿ ಗಲಾಟೆ ಮಾಡೋರು, ತಪ್ಪಿಸಿಕೊಳ್ಳೋರು, ಒಳಗಿದ್ದುಕೊಂಡೇ ಅಧಿಕಾರಿಗಳನ್ನ ಆಟ ಆಡಿಸೋರು, ಇಂಥವರನ್ನೆಲ್ಲ ಗುಡ್ಡೆ ಹಾಕೋ ಜಾಗ. ಅಲ್ ಕಪೋನ್ ಅಲ್ಲಿ ಕೈದಿ ನಂಬರ್ 85. ಜೈಲಿನ ಬ್ಯಾಂಡಲ್ಲಿ ಬ್ಯಾಂಜೋ ನುಡಿಸ್ತಿದ್ದ.

ಭದ್ರತೆಯ ಲೆಕ್ಕ ಸರಳವಾಗಿತ್ತು. ಸುಮಾರು ಮೂರು ಕೈದಿಗೆ ಒಬ್ಬ ಗಾರ್ಡ್. ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ತಲೆ ಎಣಿಕೆ. ಕೈದಿಗಳ ನಡುವೆ ಓಡಾಡೋ ಗಾರ್ಡ್ ಕೈಲಿ ಬಂದೂಕು ಇರೋ ಹಾಗಿಲ್ಲ, ಯಾಕಂದ್ರೆ ಕಿತ್ಕೊಂಡುಬಿಟ್ಟರೆ? ಬಂದೂಕು ಇರೋದು ಕಟ್ಟಡದ ತುದಿಗಳಲ್ಲಿ, ಎತ್ತರದಲ್ಲಿ, ಸರಳುಗಳ ಹಿಂದೆ ಇರೋ ಗನ್ ಗ್ಯಾಲರಿಯಲ್ಲಿ ಮಾತ್ರ. ಹಳೇ ಮಿಲಿಟರಿ ಕಾಲದ ಮೆತ್ತಗಿನ ಸರಳು ಕಿತ್ತು, ಗರಗಸಕ್ಕೆ ಬಗ್ಗದ ಹೊಸ ಉಕ್ಕಿನ ಸರಳು ಹಾಕಿದರು. ಹಾಕಿದ್ದು ಸೆಲ್‌ಗಳ ಮುಂಭಾಗಕ್ಕೆ. ಹಿಂದಿನ ಗೋಡೆ ಹಾಗೇ ಉಳೀತು. ಈ ಗೋಡೆಯನ್ನ ನೆನಪಿಟ್ಟುಕೊಳ್ಳಿ.

ಮೊದಲ ವಾರ್ಡನ್ ಜೇಮ್ಸ್ ಜಾನ್‌ಸ್ಟನ್ ಸಿನಿಮಾದ ವಾರ್ಡನ್ ತರ ಇರಲಿಲ್ಲ. ಹಿಂದೆ ಸ್ಯಾನ್ ಕ್ವೆಂಟಿನ್ ಜೈಲಲ್ಲಿದ್ದಾಗ ಸುಧಾರಕ ಅಂತ ಹೆಸರು ಮಾಡಿದ್ದ ಮನುಷ್ಯ. ಅಲ್ಕಟ್ರಾಜ್‌ನ ಊಟ ಅಮೆರಿಕದ ಜೈಲುಗಳಲ್ಲೇ ಚೆನ್ನಾಗಿತ್ತು ಅಂತ ಕೈದಿಗಳೇ ಹೇಳಿದ್ದಾರೆ. ಅಲ್ಲಿ ಕೈದಿಯನ್ನ ಅರೆದದ್ದು ಇನ್ನೊಂದು. ಮೊದಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ದಿನವಿಡೀ ಮಾತಾಡೋ ಹಾಗಿರಲಿಲ್ಲ. ಗಂಟೆ ಹೊಡೆದಾಗ ಏಳಬೇಕು, ಶಿಳ್ಳೆ ಹೊಡೆದಾಗ ನಡೀಬೇಕು. ನಿನ್ನೆ ಹೇಗೋ ಇವತ್ತೂ ಹಾಗೇ, ನಾಳೆಯೂ ಹಾಗೇ. ಆದರೆ ಇಂಥ ದಿನಚರಿಗೆ ಒಂದು ಗುಣ ಇದೆ. ಅದು ಎರಡೂ ಕಡೆಯವರನ್ನ ಕಟ್ಟಿಹಾಕುತ್ತೆ. ಕೈದಿ ಎಷ್ಟು ಗಂಟೆಗೆ ಎಲ್ಲಿರ್ತಾನೆ ಅಂತ ಗಾರ್ಡಿಗೆ ಗೊತ್ತು. ಗಾರ್ಡ್ ಎಷ್ಟು ಗಂಟೆಗೆ ಎಲ್ಲಿರ್ತಾನೆ ಅಂತ ಕೈದಿಗೂ ಗೊತ್ತು.

ಬರ್ನಾರ್ಡ್ ಕಾಯ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಬ್ಯಾಂಕ್ ದರೋಡೆಕೋರ, ಜೈಲಲ್ಲಿ ಅವನ ಕೆಲಸ ನೆಲ ಗುಡಿಸೋದು, ಲೈಬ್ರರಿ ಪುಸ್ತಕ ಹಂಚೋದು. ಪೊರಕೆ ಹಿಡಿದು ಓಡಾಡೋ ಮನುಷ್ಯನನ್ನ ಯಾರೂ ಗಮನಿಸಲ್ಲ, ಅವನು ಎಲ್ಲರನ್ನೂ ಗಮನಿಸಬಹುದು. ಗನ್ ಗ್ಯಾಲರಿಯ ಗಾರ್ಡ್ ಮಧ್ಯಾಹ್ನ ಒಂದು ಹೊತ್ತಿನಲ್ಲಿ ಪಕ್ಕದ ಡಿ ಬ್ಲಾಕ್ ಕಡೆಗೆ ಹೋಗ್ತಾನೆ, ಆಗ ಈ ಕಡೆ ಖಾಲಿ ಅನ್ನೋದನ್ನ ಅವನು ಕಂಡುಕೊಂಡ. ಗ್ಯಾಲರಿಯ ಸರಳುಗಳನ್ನ ಅಗಲಿಸೋಕೆ ಶೌಚಾಲಯದ ಕೊಳಾಯಿ ಬಿಡಿಭಾಗಗಳಿಂದ ಜ್ಯಾಕ್ ತರದ್ದೊಂದು ಉಪಕರಣ ಸಿದ್ಧ ಮಾಡಿದರು. ಆ ಸಂದಿಯಲ್ಲಿ ತೂರಬೇಕಲ್ಲ, ಅದಕ್ಕೆ ಊಟ ಬಿಟ್ಟು ತೆಳ್ಳಗಾದ.

1946ರ ಮೇ 2, ಮಧ್ಯಾಹ್ನ. ಮೈಗೆ ಗ್ರೀಸ್ ಬಳಿದುಕೊಂಡು ಕಾಯ್ ಗ್ಯಾಲರಿಗೆ ಹತ್ತಿದ, ಸರಳು ಅಗಲಿಸಿ ಒಳಗೆ ನುಸುಳಿದ, ವಾಪಸ್ ಬಂದ ಗಾರ್ಡನ್ನ ಕೆಡವಿದ. ಒಂದು ರೈಫಲ್, ಒಂದು ಪಿಸ್ತೂಲು, ಕೀಲಿಗಳ ಗೊಂಚಲು ಕೈಗೆ ಬಂತು. ಆರು ಜನ ಸೇರಿಕೊಂಡರು. ಕಾಯ್, ಜೋಸೆಫ್ ಕ್ರೆಟ್ಸರ್, ಮಾರ್ವಿನ್ ಹಬ್ಬರ್ಡ್, ಸ್ಯಾಮ್ ಶಾಕ್ಲಿ, ಮಿರಾನ್ ಥಾಂಪ್ಸನ್, ಮತ್ತು 19 ವರ್ಷದ ಹುಡುಗ ಕ್ಲಾರೆನ್ಸ್ ಕಾರ್ನ್ಸ್. ಇಲ್ಲಿಯವರೆಗೆ ಎಲ್ಲ ಸಿನಿಮಾದಂತೆಯೇ. ವಿನ್ಯಾಸ, ದಿನಚರಿ, ಸಹಾಯ, ಮೂರೂ ಕೂಡಿಬಂದಿತ್ತು. ಇನ್ನು ಆಟದ ಅಂಗಳಕ್ಕೆ ಹೋಗೋ ಬಾಗಿಲು ತೆಗೆದು, ಧಕ್ಕೆಗೆ ಇಳಿದು, ಜೈಲಿನ ದೋಣಿ ಹಿಡಿದರೆ ಮುಗೀತು.

ಆ ಬಾಗಿಲಿನ ಕೀಲಿ ನಂಬರ್ 107. ನಿಯಮದ ಪ್ರಕಾರ ಪ್ರತಿ ಸಲ ಬಳಸಿದ ತಕ್ಷಣ ಅದನ್ನ ಮೇಲಿನ ಗನ್ ಗ್ಯಾಲರಿಗೆ ಕಳಿಸಬೇಕು. ಕಾಯ್‌ನ ಪ್ಲಾನ್ ನಿಂತಿದ್ದೇ ಆ ನಿಯಮದ ಮೇಲೆ. ಆದರೆ ವಿಲಿಯಂ ಮಿಲ್ಲರ್ ಅನ್ನೋ ಗಾರ್ಡ್, ಇನ್ನೊಂದು ಸಲ ಬಾಗಿಲು ತೆಗೀಬೇಕಾಗುತ್ತಲ್ಲ, ಪದೇಪದೇ ಯಾರು ಕಳಿಸ್ತಾರೆ ಅಂತ, ಅದನ್ನ ತನ್ನ ಹತ್ರವೇ ಇಟ್ಕೊಂಡಿದ್ದ. ನಾವೆಲ್ಲ ಆಫೀಸಲ್ಲಿ ದಿನಾ ಮಾಡೋ ಸಣ್ಣ ನಿಯಮಭಂಗ. ಕಾಯ್ ಗೊಂಚಲಲ್ಲಿದ್ದ ಕೀಲಿಗಳನ್ನ ಒಂದೊಂದಾಗಿ ಹಾಕಿ ತಿರುಗಿಸಿದ, ಬೀಗ ಜಾಮ್ ಆಯ್ತು. ಒಬ್ಬ ಗಾರ್ಡ್ ನಿಯಮ ಮುರಿದದ್ದರಿಂದ ಅಲ್ಕಟ್ರಾಜ್ ಉಳೀತು. ಸಿನಿಮಾದಲ್ಲಿ ಹೀಗೆ ಬರೆದರೆ ನಿರ್ಮಾಪಕ ಒಪ್ಪಲ್ಲ. ನಾಯಕನ ಲೆಕ್ಕ ತಪ್ಪಬೇಕಾದ್ರೆ ಎದುರಿಗೆ ಅಷ್ಟೇ ಬುದ್ಧಿವಂತ ವಿಲನ್ ಇರಬೇಕು, ಸೋಮಾರಿತನ ಇದ್ದರೆ ಆಗಲ್ಲ.

ಮುಂದಿನದು ಹೇಳೋಕೆ ಹಿತವಾಗಿಲ್ಲ. ದಾರಿ ಮುಚ್ಚಿಹೋಗಿತ್ತು. ಒತ್ತೆಯಾಳಾಗಿ ಹಿಡಿದ ಗಾರ್ಡುಗಳನ್ನ ಎರಡು ಸೆಲ್‌ಗಳಲ್ಲಿ ತುಂಬಿದ್ದರು. ಸಾಕ್ಷಿ ಉಳಿಸಬೇಡ ಅಂತ ಶಾಕ್ಲಿ ಮತ್ತು ಥಾಂಪ್ಸನ್ ಕೂಗಿದರು ಅನ್ನೋದು ಆಮೇಲೆ ಕೋರ್ಟಲ್ಲಿ ಬಂದ ಆರೋಪ. ಕ್ರೆಟ್ಸರ್ ಸರಳುಗಳ ಮೂಲಕ ಗುಂಡು ಹಾರಿಸಿದ. ಗಾಯಗೊಂಡು ಬಿದ್ದಿದ್ದ ಗಾರ್ಡುಗಳಲ್ಲಿ ಒಬ್ಬ ಪೆನ್ಸಿಲ್ ತೆಗೆದು ಆರು ಜನರ ಹೆಸರನ್ನ ಸೆಲ್‌ನ ಗೋಡೆ ಮೇಲೆ ಬರೆದಿಟ್ಟ. ತಾನು ಸತ್ತರೂ ಗೋಡೆ ಹೇಳಲಿ ಅಂತ. ಮಿಲ್ಲರ್ ಗಾಯದಿಂದ ಚೇತರಿಸಿಕೊಳ್ಳಲಿಲ್ಲ. ಕಟ್ಟಡವನ್ನ ವಾಪಸ್ ವಶಕ್ಕೆ ತಗೊಳ್ಳೋ ಪ್ರಯತ್ನದಲ್ಲಿ ಹೆರಾಲ್ಡ್ ಸ್ಟೈಟ್ಸ್ ಅನ್ನೋ ಇನ್ನೊಬ್ಬ ಗಾರ್ಡ್ ಸತ್ತ. 14 ಗಾರ್ಡುಗಳಿಗೆ ಗಾಯವಾಯ್ತು.

ಮರೀನ್ ಸೈನಿಕರು ಬಂದರು. ಸಲಹೆ ಕೊಡೋಕೆ ಬಂದ ಜನರಲ್ ಜೋಸೆಫ್ ಸ್ಟಿಲ್‌ವೆಲ್ ಹೆಸರು ನಮ್ಮಲ್ಲೂ ಒಂದು ರಸ್ತೆಗಿದೆ. ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನ ಲೆಡೊದಿಂದ ಬರ್ಮಾ ದಾಟಿ ಚೀನಾ ಕಡೆಗೆ ಹಾಕಿದ ಸ್ಟಿಲ್‌ವೆಲ್ ರಸ್ತೆ ಅವನದೇ. ಬರ್ಮಾದ ಕಾಡಲ್ಲಿ ಯುದ್ಧ ಮಾಡಿದ ಮನುಷ್ಯನ ಕಣ್ಣೆದುರು ಮೂರು ಜನ ಕೈದಿಗಳು, ಎರಡೇ ಬಂದೂಕು. ಮೇಲ್ಛಾವಣಿಗೆ ತೂತು ಕೊರೆದು ಗ್ರೆನೇಡ್ ಇಳಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಜನ ದಡದಲ್ಲಿ ನಿಂತು ಹೊಗೆ ನೋಡ್ತಿದ್ದರು. ಮೇ 4ರ ಬೆಳಗ್ಗೆ, ಸೆಲ್‌ಗಳ ಹಿಂದೆ ಪೈಪುಗಳು ಹಾಯೋ ಇಕ್ಕಟ್ಟಿನ ಓಣಿಯಲ್ಲಿ ಕಾಯ್, ಕ್ರೆಟ್ಸರ್, ಹಬ್ಬರ್ಡ್ ಮೂವರ ಹೆಣ ಸಿಕ್ಕಿತು.

ಉಳಿದ ಮೂವರು ಅಷ್ಟರಲ್ಲಾಗಲೇ ತಮ್ಮ ತಮ್ಮ ಸೆಲ್‌ಗಳಿಗೆ ವಾಪಸ್ ಹೋಗಿದ್ದರು. ವಿಚಾರಣೆ ಆಯ್ತು. ಕಾರ್ನ್ಸ್ ಬದುಕಿದ. ಗಾರ್ಡುಗಳು ಸತ್ತಿದ್ದಾರಾ ನೋಡಿ ಮುಗಿಸು ಅಂದಾಗ, ಬದುಕಿದ್ದವರನ್ನ ಕಂಡೂ ಎಲ್ಲರೂ ಸತ್ತಿದ್ದಾರೆ ಅಂತ ಸುಳ್ಳು ಹೇಳಿದ್ದ. ಆ ಗಾರ್ಡುಗಳೇ ಸಾಕ್ಷಿ ಹೇಳಿ ಹುಡುಗನನ್ನ ಉಳಿಸಿದರು. ಶಾಕ್ಲಿ ಮತ್ತು ಥಾಂಪ್ಸನ್‌ನ 1948ರ ಡಿಸೆಂಬರ್ 3ರಂದು ಸ್ಯಾನ್ ಕ್ವೆಂಟಿನ್‌ನ ಗ್ಯಾಸ್ ಚೇಂಬರ್‌ನಲ್ಲಿ ಅಕ್ಕಪಕ್ಕ ಕೂರಿಸಿ ಕೊಂದರು. ಶಾಕ್ಲಿಯ ಬುದ್ಧಿ ಮಗುವಿನ ಮಟ್ಟದ್ದು ಅಂತ ಜೈಲಿನ ವೈದ್ಯರು ವರ್ಷಗಳ ಹಿಂದೆಯೇ ಬರೆದಿದ್ದರು. ಕೋರ್ಟ್ ಅದನ್ನ ಒಪ್ಪಲಿಲ್ಲ. ತಪ್ಪಿಸಿಕೊಳ್ಳೋ ಪ್ಲಾನ್ ಅವನದಲ್ಲ, ಗುಂಡು ಹಾರಿಸಿದವನೂ ಅವನಲ್ಲ.

ಮರುವರ್ಷವೇ, 1947ರಲ್ಲಿ, ‘ಬ್ರೂಟ್ ಫೋರ್ಸ್’ ಸಿನಿಮಾ ಬಂತು. ಜೂಲ್ಸ್ ಡಾಸಿನ್ ನಿರ್ದೇಶನ, ಬರ್ಟ್ ಲ್ಯಾಂಕಾಸ್ಟರ್ ನಾಯಕ. ಅಲ್ಕಟ್ರಾಜ್ ಕಾಳಗದ ಬಿಸಿ ಅದರಲ್ಲಿದೆ. ಜೈಲು ಸಿನಿಮಾ ಅದಕ್ಕೂ ಮೊದಲೇ ಇತ್ತು. 1930ರ ‘ದಿ ಬಿಗ್ ಹೌಸ್’ ಕಾಲಕ್ಕೇ ಊಟದ ಹಾಲು, ಕತ್ತಲ ಕೋಣೆ, ದಂಗೆ ಎಲ್ಲ ಬಂದಾಗಿತ್ತು. ಅದನ್ನ ಬರೆದ ಫ್ರಾನ್ಸೆಸ್ ಮೇರಿಯನ್ ಅನ್ನೋ ಮಹಿಳೆಗೆ ಆಸ್ಕರ್ ಸಿಕ್ಕಿತು. ಗಂಡಸರ ಬೆವರಿನ ಈ ಜಾತಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬಳು ಹೆಂಗಸು ಅನ್ನೋದು ನನಗೆ ಇಷ್ಟದ ಸಂಗತಿ. ‘ಬ್ರೂಟ್ ಫೋರ್ಸ್’ ಅದಕ್ಕೆ ಸೇರಿಸಿದ್ದು ಕೈದಿಗಳನ್ನ ಹಿಂಸಿಸಿ ಸುಖಪಡೋ ಅಧಿಕಾರಿಯನ್ನ. ಹ್ಯೂಮ್ ಕ್ರೋನಿನ್ ಮಾಡಿದ ಆ ಕ್ಯಾಪ್ಟನ್ ಪಾತ್ರ ಇವತ್ತಿನ ಎಲ್ಲ ಜೈಲು ವಿಲನ್‌ಗಳ ತಾತ. ನಿಜದ ಅಲ್ಕಟ್ರಾಜ್‌ನಲ್ಲಿ ಮಧ್ಯಾಹ್ನದ ಪಾಳಿಯ ಒಬ್ಬ ಮಿಲ್ಲರ್, ಅವನ ಹತ್ರ ಒಂದು ಕೀಲಿ. ಪರದೆ ಮೇಲೆ ಅಷ್ಟು ಸಾಲಲ್ಲ. ಸಿಟ್ಟು ಮಾಡಿಕೊಳ್ಳೋಕೆ ಒಂದು ಮುಖ ಬೇಕು.

ಇನ್ನೊಂದು ವಿಷಯ. ಆಗಿನ ಹಾಲಿವುಡ್‌ಗೆ ಪ್ರೊಡಕ್ಷನ್ ಕೋಡ್ ಅಂತ ಒಂದು ನೀತಿಸಂಹಿತೆ ಇತ್ತು. ಅಪರಾಧಿ ಗೆಲ್ಲೋ ಹಾಗಿಲ್ಲ. ಆದ್ದರಿಂದ ನಾಯಕ ಎಷ್ಟೇ ಒಳ್ಳೆಯವನಾಗಿರಲಿ, ಗೋಡೆ ಹತ್ತಿದರೆ ಸಾಯಲೇಬೇಕು. 1968ರಲ್ಲಿ ಕೋಡ್ ಹೋಯ್ತು, ನಾಯಕರು ಬದುಕಿ ಮನೆಗೆ ಹೋಗೋಕೆ ಶುರು ಮಾಡಿದರು. ಸ್ಟಲೋನ್ ಹೆಲಿಕಾಪ್ಟರ್ ಹತ್ತೋಕೆ ಸಾಧ್ಯವಾದದ್ದು ಹೀಗೆ.

ಈಗ ಚಮಚದವರು.

ಫ್ರಾಂಕ್ ಮಾರಿಸ್, ಅಣ್ಣತಮ್ಮಂದಿರಾದ ಜಾನ್ ಆಂಗ್ಲಿನ್ ಮತ್ತು ಕ್ಲಾರೆನ್ಸ್ ಆಂಗ್ಲಿನ್, ಆಲನ್ ವೆಸ್ಟ್. ನಾಲ್ವರೂ ಬಿ ಬ್ಲಾಕ್‌ನಲ್ಲಿದ್ದರು. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಸೆಲ್‌ನ ಹಿಂದಿನ ಗೋಡೆ? ಸಿಂಕ್ ಕೆಳಗೆ ಅದರಲ್ಲೊಂದು ಸಣ್ಣ ಗಾಳಿಕಿಂಡಿ, ಅದಕ್ಕೊಂದು ಜಾಲರಿ. ಆಚೆ ಬದಿಯಲ್ಲಿ ಪೈಪುಗಳ ಓಣಿ, ಕಾಯ್ ಮತ್ತು ಸಂಗಡಿಗರು ಸತ್ತ ತರದ್ದೇ ಓಣಿ. ಸಮುದ್ರದ ಉಪ್ಪುಗಾಳಿ ಮತ್ತು ಉಪ್ಪುನೀರಿಗೆ ಸುಮಾರು 50 ವರ್ಷದ ಕಾಂಕ್ರೀಟು ಮೆತ್ತಗಾಗಿತ್ತು. ತಿಂಗಳುಗಟ್ಟಲೆ ಕೊರೆದರು. ಊಟದ ಹಾಲಿಂದ ಕದ್ದ ಚಮಚ, ಕೆಟ್ಟ ವ್ಯಾಕ್ಯೂಮ್ ಕ್ಲೀನರ್‌ನ ಮೋಟರ್‌ನಿಂದ ಮಾಡಿದ ಡ್ರಿಲ್. ಸಂಜೆ ಕೈದಿಗಳಿಗೆ ವಾದ್ಯ ನುಡಿಸೋಕೆ ಬಿಡೋ ಹೊತ್ತು ಇತ್ತು, ಆ ಗದ್ದಲದಲ್ಲಿ ಕೊರೆಯೋ ಸದ್ದು ಮುಚ್ಚಿಹೋಗ್ತಿತ್ತು. ಮತ್ತೆ ಅದೇ ದಿನಚರಿ.

ಓಣಿಯಿಂದ ಮೇಲೆ ಹತ್ತಿದರೆ ಬ್ಲಾಕಿನ ನೆತ್ತಿ, ಛಾವಣಿಯ ಕೆಳಗಿನ ಜಾಗ. ಅಲ್ಲಿ ಪೇಂಟ್ ಮಾಡೋ ಕೆಲಸ ವೆಸ್ಟ್‌ಗೆ ಸಿಕ್ಕಿತ್ತು. ಧೂಳು ಕೆಳಗೆ ಬೀಳುತ್ತೆ ಅಂತ ಹೇಳಿ ಕಂಬಳಿಗಳನ್ನ ಅಡ್ಡಲಾಗಿ ತೂಗುಹಾಕೋಕೆ ಅನುಮತಿಯನ್ನೇ ತಗೊಂಡ. ಆ ಕಂಬಳಿಗಳ ಹಿಂದೆ ರಾತ್ರಿ ಪೂರಾ ಒಂದು ವರ್ಕ್‌ಶಾಪು. 50ಕ್ಕೂ ಹೆಚ್ಚು ಜೈಲಿನ ರೈನ್‌ಕೋಟುಗಳನ್ನ ಹೊಲಿದು, ಬಿಸಿ ಹಬೆ ಪೈಪಿಗೆ ತಾಗಿಸಿ ಅಂಟಿಸಿ, ತೆಪ್ಪ ಮತ್ತು ಲೈಫ್ ಜಾಕೆಟ್ ಮಾಡಿದರು. ಐಡಿಯಾ ಸಿಕ್ಕಿದ್ದು ಜೈಲಿಗೆ ಬರ್ತಿದ್ದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಮ್ಯಾಗಜಿನ್‌ಗಳಿಂದ. ಗಾಳಿ ತುಂಬೋಕೆ ಕಾನ್ಸರ್ಟಿನಾ, ಅಂದ್ರೆ ಹಾರ್ಮೋನಿಯಂ ತರ ತಿದಿ ಇರೋ ಒಂದು ಕೈವಾದ್ಯ. ತಲೆ ಎಣಿಕೆಗೆ ಸೋಪು, ಟಾಯ್ಲೆಟ್ ಪೇಪರಿನ ಮುದ್ದೆ, ಕಾಂಕ್ರೀಟ್ ಪುಡಿ ಕಲಸಿ ಮಾಡಿದ ತಲೆಗಳು. ಜೈಲಿನ ಕ್ಷೌರದಂಗಡಿಯಿಂದ ತಂದ ನಿಜವಾದ ಕೂದಲು.

ಒಮ್ಮೆ ಯೋಚನೆ ಮಾಡಿ. 50 ರೈನ್‌ಕೋಟು ಕಾಣೆಯಾಗುತ್ತೆ ಅಂದ್ರೆ ಎಷ್ಟು ಜನ ಕೈದಿಗಳಿಗೆ ಏನೋ ನಡೀತಿದೆ ಅಂತ ಗೊತ್ತಿದ್ದಿರಬೇಕು? ಬಾಯಿಬಿಟ್ಟರೆ ಬಹುಮಾನ ಸಿಗೋ ಜಾಗದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಸ್ಟಲೋನ್ ಹೇಳೋ ಮೂರನೇ ಸೂತ್ರ, ಸಹಾಯ, ಇದೇ. ಮಚ್ಚೆ ಇಲ್ಲದ, ಡೈಲಾಗ್ ಇಲ್ಲದ, ಸುಮ್ಮನಿದ್ದ ಜನ.

1962ರ ಜೂನ್ 11ರ ರಾತ್ರಿ ಹೊರಟರು. ಮರುದಿನ ಬೆಳಗ್ಗೆ ಗಾರ್ಡ್ ಏಳು ಅಂತ ತಟ್ಟಿದಾಗ ಒಂದು ತಲೆ ನೆಲಕ್ಕೆ ಉರುಳಿತು. ಮಾರಿಸ್ ಮತ್ತು ಆಂಗ್ಲಿನ್ ಸಹೋದರರ ದೇಹ ಇವತ್ತಿಗೂ ಸಿಕ್ಕಿಲ್ಲ. ಎಫ್‌ಬಿಐ 1979ರ ಡಿಸೆಂಬರ್ 31ಕ್ಕೆ ಫೈಲು ಮುಚ್ಚಿತು, ಯುಎಸ್ ಮಾರ್ಷಲ್ಸ್ ಇಲಾಖೆ ಮುಚ್ಚಲಿಲ್ಲ. ಈಜಿ ದಡ ಸೇರೋದು ಅಸಾಧ್ಯ ಅನ್ನೋದು ಮಾತ್ರ ಸುಳ್ಳು. ಜೈಲು ತೆರೆಯೋ ಮೊದಲೇ, 1933ರಲ್ಲಿ, ದ್ವೀಪದಲ್ಲಿದ್ದ ಸೈನಿಕನೊಬ್ಬನ 17 ವರ್ಷದ ಮಗಳು ದಡಕ್ಕೆ ಈಜಿ ತೋರಿಸಿದ್ದಳು. 1962ರ ಡಿಸೆಂಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಅನ್ನೋ ಕೈದಿ ಈಜಿ ದಡ ಮುಟ್ಟಿದ, ಆದರೆ ಚಳಿಗೆ ಅರೆಪ್ರಾಣವಾಗಿ ಸಿಕ್ಕಿಬಿದ್ದ. ಮನುಷ್ಯರನ್ನ ತಿನ್ನೋ ಶಾರ್ಕ್‌ಗಳ ಕತೆ ಬರೀ ಕತೆ. ಕೊಲ್ಲೋದು ನೀರಿನ ಚಳಿ ಮತ್ತು ಸೆಳೆತ.

29 ವರ್ಷದಲ್ಲಿ 14 ಪ್ರಯತ್ನ, 36 ಜನ. 23 ಜನ ಸಿಕ್ಕಿಬಿದ್ದರು, 6 ಜನ ಗುಂಡಿಗೆ ಸತ್ತರು, 2 ಮುಳುಗಿದ್ದು ಖಚಿತ, 5 ಜನ ಪತ್ತೆಯಿಲ್ಲ.

1963ರ ಮಾರ್ಚ್ 21ಕ್ಕೆ ಅಲ್ಕಟ್ರಾಜ್ ಮುಚ್ಚಿತು. ಮಾರಿಸ್ ಮುಚ್ಚಿಸಿದ ಅಂತ ನಂಬೋಕೆ ಚೆನ್ನಾಗಿರುತ್ತೆ, ಆದರೆ ಮುಚ್ಚಿಸಿದ್ದು ಅಕೌಂಟ್ಸ್ ಸೆಕ್ಷನ್. 1959ರ ಲೆಕ್ಕದಲ್ಲಿ ಇಲ್ಲಿ ಒಬ್ಬ ಕೈದಿಗೆ ದಿನದ ಖರ್ಚು 10.10 ಡಾಲರ್, ಅಟ್ಲಾಂಟಾ ಜೈಲಲ್ಲಿ 3 ಡಾಲರ್. ದ್ವೀಪದಲ್ಲಿ ಸಿಹಿನೀರಿಲ್ಲ, ವಾರಕ್ಕೆ ಸುಮಾರು 10 ಲಕ್ಷ ಗ್ಯಾಲನ್ ನೀರನ್ನ ದೋಣಿಯಲ್ಲಿ ತರಬೇಕು. ಉಪ್ಪು ತಿಂದ ಕಟ್ಟಡದ ರಿಪೇರಿಗೇ 30ರಿಂದ 50 ಲಕ್ಷ ಡಾಲರ್ ಬೇಕಿತ್ತು. ಗೋಡೆಯನ್ನ ಮೆತ್ತಗೆ ಮಾಡಿದ ಉಪ್ಪೇ ಬಜೆಟ್ಟನ್ನೂ ತಿಂದಿತ್ತು.

ಜೈಲು ಖಾಲಿಯಾದ ಮೇಲೆ ಕ್ಯಾಮೆರಾಗಳು ಬಂದವು. 1996ರ ‘ದಿ ರಾಕ್’ ಸಿನಿಮಾದಲ್ಲಿ ಶಾನ್ ಕಾನರಿ, ಅಲ್ಕಟ್ರಾಜ್‌ನಿಂದ ತಪ್ಪಿಸಿಕೊಂಡ ಒಬ್ಬನೇ ಮನುಷ್ಯ, ವಾಪಸ್ ಒಳಗೆ ನುಗ್ತಾನೆ. ಇಲ್ಲದ ಸುರಂಗಗಳನ್ನೆಲ್ಲ ಮೈಕೆಲ್ ಬೇ ದ್ವೀಪದ ಕೆಳಗೆ ಕಟ್ಟಿಸಿಕೊಟ್ಟಿದ್ದಾನೆ. ಅದನ್ನೇ ನೋಡಿ 2003ರಲ್ಲಿ ಹಿಂದಿಯವರು ಅಜಯ್ ದೇವಗನ್ ಹಾಕಿಕೊಂಡು ‘ಕಯಾಮತ್’ ಮಾಡಿದರು. ದ್ವೀಪ ಮುಂಬೈ ಹತ್ತಿರ ಬಂತು, ಹಾಡು ಸೇರಿತು. 1946ರ ಗ್ರೆನೇಡು 1962ರ ಕತೆಗೆ ಅಂಟಿಕೊಂಡದ್ದು ಈ ಸಾಲಿನ ಸಿನಿಮಾಗಳಲ್ಲಿ.

ಇವೆಲ್ಲಕ್ಕಿಂತ ಪ್ರಾಮಾಣಿಕವಾದದ್ದು ಡಾನ್ ಸೀಗಲ್ ನಿರ್ದೇಶಿಸಿದ 1979ರ ‘ಎಸ್ಕೇಪ್ ಫ್ರಮ್ ಅಲ್ಕಟ್ರಾಜ್’. ದ್ವೀಪದಲ್ಲೇ ಚಿತ್ರೀಕರಣ, ಮಾರಿಸ್ ಆಗಿ ಕ್ಲಿಂಟ್ ಈಸ್ಟ್‌ವುಡ್, ಮಾತು ಕಮ್ಮಿ, ಕೊರೆಯೋದು ಜಾಸ್ತಿ. ಒಳ್ಳೇ ಸಿನಿಮಾ. ಆದರೆ ಫಾರ್ಮುಲಾ ಅದನ್ನೂ ಬಿಟ್ಟಿಲ್ಲ. ವಾರ್ಡನ್ ಕಲ್ಪಿತ, ಎಂದಿನಂತೆ ಕ್ರೂರಿ. ನಾಲ್ವರ ಕೆಲಸಕ್ಕೆ ಒಬ್ಬನೇ ಜೀನಿಯಸ್. ಪ್ಲಾನ್ ನನ್ನದೇ ಅಂತ ಆಮೇಲೆ ಎಫ್‌ಬಿಐ ಮುಂದೆ ಹೇಳಿಕೊಂಡವನು ಆಲನ್ ವೆಸ್ಟ್. ಅದರಲ್ಲಿ ಸ್ವಲ್ಪ ಬಡಾಯಿ ಇರಬಹುದು, ಇಡೀ ಬಡಾಯಿ ಅನ್ನೋಕೆ ಆ ಕಂಬಳಿಗಳು ಬಿಡಲ್ಲ. ಸಿನಿಮಾದಲ್ಲಿ ಅವನ ಹೆಸರು ಬದಲಾಗಿದೆ, ಚಾರ್ಲಿ ಬಟ್ಸ್ ಅಂತ. ಹೊರಡೋ ರಾತ್ರಿ ಅವನಿಗೆ ಧೈರ್ಯ ಸಾಲಲ್ಲ, ಹಿಂದೆ ಉಳಿದು ಅಳ್ತಾನೆ.

ವೆಸ್ಟ್ ಹೇಳಿದ್ದು ಬೇರೆ. ಅವನ ಗಾಳಿಕಿಂಡಿಯ ಅಂಚು ಉದುರ್ತಿತ್ತು, ಯಾರಿಗೂ ಕಾಣಬಾರದು ಅಂತ ಸಿಮೆಂಟ್ ಮೆತ್ತಿದ್ದ. ಆ ರಾತ್ರಿ ಅದು ಗಟ್ಟಿಯಾಗಿಬಿಟ್ಟಿತ್ತು, ಜಾಲರಿ ಬರಲಿಲ್ಲ. ಮೂವರೂ ಕಾದರು, ಆಮೇಲೆ ಹೋದರು. ಅವನು ಕೊರೀತಾನೇ ಇದ್ದ. ನಡುರಾತ್ರಿ ಕಳೆದ ಮೇಲೆ ಕಿಂಡಿ ಬಿಡಿಸಿಕೊಂಡು, ಓಣಿ ಹತ್ತಿ, ಛಾವಣಿಗೆ ಬಂದು ನೋಡಿದ. ಯಾರೂ ಇರಲಿಲ್ಲ. ತೆಪ್ಪವೂ ಇರಲಿಲ್ಲ. ಬಂದ ದಾರಿಯಲ್ಲೇ ಇಳಿದು ವಾಪಸ್ ಸೆಲ್‌ಗೆ ಹೋಗಿ ಮಲಗಿಕೊಂಡ.